ಓದುಗರ ಪ್ರಶ್ನೆ: ಕನ್ನಡಿ ಸಮ್ಮಿತಿ ಮತ್ತು 2875 ಗೆರೆಗಳ ಲೆಕ್ಕ

ಮೂಲಕಣಗಳನ್ನು ಬಿಂದುಗಳೆನ್ನದೆ ಅತಿ ಸಣ್ಣ ಎಳೆಗಳೆಂದು ಭಾವಿಸುವ ಸ್ಟ್ರಿಂಗ್ ಥಿಯರಿಯಿಂದ ಹುಟ್ಟಿ ಗಣಿತದೊಳಗೆ ಬೇರುಬಿಟ್ಟ ಮಿರರ್ ಸಿಮೆಟ್ರಿ, ಅಂದರೆ ಕನ್ನಡಿ ಸಮ್ಮಿತಿಯ ಬಗ್ಗೆ ಬಂದ ಪತ್ರಗಳಲ್ಲಿ ಲೆಕ್ಕ ಕೇಳಿದವರಿಗೆ ಈ ಸಲ ಮೊದಲ ಮಣೆ. ಚರಾಕ್ಷರಗಳಿಗೆ ಕನ್ನಡದ ಅಕ್ಷರಗಳನ್ನೇ ಬಳಸಿದ್ದೇವೆ.

ಪ್ರಶ್ನೆ: ಕನ್ನಡಿಯಲ್ಲಿ ಎಡ ಬಲವಾಗುತ್ತದಲ್ಲ, ಅದಕ್ಕೂ ಈ ಸಮ್ಮಿತಿಗೂ ಸಂಬಂಧ ಇದೆಯೇ? ಇಲ್ಲದಿದ್ದರೆ ಅದಲುಬದಲಾಗುವುದು ಏನು? (ದ್ವಿತೀಯ ಪಿಯು ವಿದ್ಯಾರ್ಥಿನಿ, ಶಿರಸಿ)

ಉತ್ತರ: ಸಂಬಂಧವಿಲ್ಲ. ಎಡ ಬಲವಾದಾಗ ವಸ್ತುವಿನ ಅಳತೆಗಳೆಲ್ಲ ಹಾಗೇ ಉಳಿಯುತ್ತವೆ. ಇಲ್ಲಿ ಅಳತೆಗಳೇ ಬೇರೆಯಾಗುತ್ತವೆ. ಕಲಾಬಿ–ಯೌ ಎಂಬ ಆರು ಆಯಾಮದ ಜ್ಯಾಮಿತಿಯನ್ನು ಎರಡು ಬಗೆಯಲ್ಲಿ ತುಸು ಬದಲಿಸಬಹುದು. ಅದರೊಳಗಿನ ವಿಸ್ತೀರ್ಣಗಳನ್ನು ಹಿಗ್ಗಿಸುವುದು ಕುಗ್ಗಿಸುವುದು ಒಂದು; ಇದನ್ನು ಗಾತ್ರ ಎನ್ನೋಣ. ಅದನ್ನು ಬರೆದ ಸಮೀಕರಣದ ಸಹಗುಣಕಗಳನ್ನು ಬದಲಿಸುವುದು ಇನ್ನೊಂದು, ಇದು ಆಕಾರ. ಪ್ರತಿಯೊಂದನ್ನೂ ಎಷ್ಟು ಸ್ವತಂತ್ರ ರೀತಿಯಲ್ಲಿ ಬದಲಿಸಬಹುದು ಎಂಬ ಎಣಿಕೆಯನ್ನು ಹಾಡ್ಜ್ ಸಂಖ್ಯೆಗಳು ಕೊಡುತ್ತವೆ. ಕನ್ನಡಿ ಜೋಡಿಯಲ್ಲಿ ಒಂದರ ಗಾತ್ರದ ಎಣಿಕೆ ಇನ್ನೊಂದರ ಆಕಾರದ ಎಣಿಕೆಯಾಗಿರುತ್ತದೆ. ಅಷ್ಟೇ ಅಲ್ಲ, ಒಂದರ ಮೇಲೆ ಟೈಪ್ 2ಎ ಸ್ಟ್ರಿಂಗ್ ಥಿಯರಿ ಕೊಡುವ ಭೌತಶಾಸ್ತ್ರ, ಇನ್ನೊಂದರ ಮೇಲೆ ಟೈಪ್ 2ಬಿ ಕೊಡುವ ಭೌತಶಾಸ್ತ್ರ, ಎರಡೂ ಒಂದೇ. (2ಎ, 2ಬಿ ಎಂಬವು ಸ್ಟ್ರಿಂಗ್ ಥಿಯರಿಯ ಎರಡು ರೂಪಗಳು.)

ಇಂಥದ್ದೊಂದು ಇರಬೇಕು ಎಂಬ ಗುಮಾನಿ 1980ರ ದಶಕದ ಕೊನೆಗೆ ಬಂದದ್ದು ಹೀಗೆ: ಸ್ಟ್ರಿಂಗಿನ ಸಮೀಕರಣಗಳಲ್ಲಿ ಗಾತ್ರದ ಬದಲಾವಣೆಗೂ ಆಕಾರದ ಬದಲಾವಣೆಗೂ ಇರುವ ವ್ಯತ್ಯಾಸ ಒಂದು ಚಾರ್ಜಿನ ಚಿಹ್ನೆ ಮಾತ್ರ. ಆ ಚಿಹ್ನೆ ಕೂಡೋ ಕಳೆಯೋ ಎಂಬುದು ಬರೆಯುವವರ ಇಷ್ಟ. ಜ್ಯಾಮಿತಿಯಲ್ಲಿ ಇಷ್ಟು ದೊಡ್ಡ ಅಂತರವಿರುವ ಎರಡು ಸಂಗತಿಗಳು ಭೌತಶಾಸ್ತ್ರದಲ್ಲಿ ಒಂದು ಚಿಹ್ನೆಯಷ್ಟೇ ದೂರದಲ್ಲಿದ್ದರೆ, ಜ್ಯಾಮಿತಿಯೇ ಜೋಡಿಯಾಗಿ ಬರುತ್ತಿರಬೇಕಲ್ಲ!

ಪ್ರಶ್ನೆ: ಆರು ಆಯಾಮ ತಲೆಗೆ ಹೋಗುವುದಿಲ್ಲ. ಕೈಯಲ್ಲಿ ಲೆಕ್ಕ ಹಾಕಿ ನೋಡುವಂಥ ಚಿಕ್ಕ ಉದಾಹರಣೆ ಕೊಡಿ. (ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರು, ದಾವಣಗೆರೆ)

ಉತ್ತರ: ಒಂದು ವೃತ್ತದಿಂದ ಶುರು ಮಾಡಿ. ತ್ರಿಜ್ಯ ತ. ಉದ್ದವನ್ನು ಸ್ಟ್ರಿಂಗಿನ ಸಹಜ ಮಾನದಲ್ಲಿ ಅಳೆಯುತ್ತೇವೆ, 2 ಮತ್ತು ಪೈಗಳನ್ನು ಬದಿಗಿಡುತ್ತೇವೆ. ವೃತ್ತದ ಮೇಲೆ ಓಡುವ ಸ್ಟ್ರಿಂಗಿನ ಸಂವೇಗ 1/ತ, 2/ತ, 3/ತ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಸ್ಟ್ರಿಂಗಿಗೆ ಇನ್ನೊಂದು ದಾರಿಯೂ ಉಂಟು: ವೃತ್ತವನ್ನು ಸುತ್ತಿಕೊಳ್ಳುವುದು. ಒಂದು, ಎರಡು, ಮೂರು ಸುತ್ತುಗಳಿಗೆ ತಗಲುವ ಶಕ್ತಿ ತ, 2ತ, 3ತ. ತ್ರಿಜ್ಯ 2 ಆದರೆ ಮೊದಲ ಪಟ್ಟಿ ½, 1, 1½. ಎರಡನೆಯದು 2, 4, 6. ತ್ರಿಜ್ಯ ½ ಮಾಡಿ ನೋಡಿ, ಪಟ್ಟಿಗಳು ಸ್ಥಳ ಬದಲಿಸುತ್ತವೆ, ಒಟ್ಟು ಪಟ್ಟಿ ಅದೇ. ಬಿಂದುವಿನಂಥ ಕಣ ವೃತ್ತವನ್ನು ಸುತ್ತಿಕೊಳ್ಳಲಾರದು, ಹಾಗಾಗಿ ಅದಕ್ಕೆ ಈ ಎರಡು ವೃತ್ತಗಳು ಬೇರೆ ಬೇರೆ. ಸ್ಟ್ರಿಂಗಿಗೆ ಒಂದೇ. ಇದಕ್ಕೆ ಟಿ-ಡ್ಯುಯಾಲಿಟಿ ಎಂದು ಹೆಸರು.

ಈಗ ಎರಡು ವೃತ್ತ ಸೇರಿಸಿ ಟೋರಸ್ ಮಾಡಿ, ಉದ್ದಿನ ವಡೆಯ ಮೇಲ್ಮೈಯಂತೆ. ತ್ರಿಜ್ಯಗಳು 2 ಮತ್ತು 6. ಗಾತ್ರ ಎಂದರೆ ಗುಣಲಬ್ಧ, 12. ಆಕಾರ ಎಂದರೆ ಅನುಪಾತ, 6/2 = 3. ಮೊದಲ ವೃತ್ತವನ್ನು ಮಾತ್ರ ತಿರುವಿ 2ನ್ನು ½ ಮಾಡಿ. ಗಾತ್ರ ½ × 6 = 3. ಆಕಾರ 6 ÷ ½ = 12. ಗಾತ್ರವೂ ಆಕಾರವೂ ಜಾಗ ಬದಲಿಸಿದವು. ಕನ್ನಡಿ ಸಮ್ಮಿತಿಯ ಅತಿ ಚಿಕ್ಕ ರೂಪ ಇದೇ.

ಎಡವುವ ಜಾಗ: ಎರಡೂ ವೃತ್ತಗಳನ್ನು ತಿರುವಿದರೆ ಗಾತ್ರ 1/12, ಅನುಪಾತ (1/6) ÷ (1/2) = 1/3. ಇದೂ ಸರಿಯಾದ ಸಮ್ಮಿತಿಯೇ, ಆದರೆ ಗಾತ್ರ ಗಾತ್ರವಾಗಿಯೇ ಉಳಿಯಿತು, ಆಕಾರ ಆಕಾರವಾಗಿಯೇ ಉಳಿಯಿತು; ಕನ್ನಡಿ ಸಿಗಲಿಲ್ಲ. ಅರ್ಧದಷ್ಟು ದಿಕ್ಕುಗಳನ್ನು ಮಾತ್ರ ತಿರುವಬೇಕು: ಎರಡರಲ್ಲಿ ಒಂದು, ಆರರಲ್ಲಿ ಮೂರು.

ಪ್ರಶ್ನೆ: ಕ್ವಿಂಟಿಕ್‌ಗೆ ಗಾತ್ರ 1, ಆಕಾರ 101 ಎಂದು ಓದಿದೆ. ಈ ಸಂಖ್ಯೆಗಳು ಎಲ್ಲಿಂದ ಬರುತ್ತವೆ? ಅದರ ಕನ್ನಡಿ ಜೋಡಿಯನ್ನು ಕಟ್ಟುವುದು ಹೇಗೆ? (ಎಂಎಸ್ಸಿ ವಿದ್ಯಾರ್ಥಿ, ಮೈಸೂರು)

ಉತ್ತರ: ಕ್ವಿಂಟಿಕ್ ಎಂದರೆ ನಾಲ್ಕು ಸಂಕೀರ್ಣ ಆಯಾಮದ ಪ್ರೊಜೆಕ್ಟಿವ್ ಸ್ಪೇಸ್‌ನಲ್ಲಿ (ಇಲ್ಲಿ ಚರಾಕ್ಷರಗಳ ಅನುಪಾತಗಳಷ್ಟೇ ಮುಖ್ಯ) ಐದು ಚರಾಕ್ಷರಗಳ ಐದನೇ ಡಿಗ್ರಿಯ ಒಂದು ಸಮೀಕರಣ. ಐದು ಚರಾಕ್ಷರಗಳಿಂದ ಐದನೇ ಡಿಗ್ರಿಯ ಎಷ್ಟು ಪದ ಮಾಡಬಹುದು? 9ರಲ್ಲಿ 4 ಆರಿಸುವಷ್ಟು, ಅಂದರೆ 126. ಚರಾಕ್ಷರಗಳನ್ನೇ ಒಂದರೊಳಗೊಂದು ಬೆರೆಸಿ ಬರೆದರೆ ಜ್ಯಾಮಿತಿ ಬದಲಾಗುವುದಿಲ್ಲ. ಅದು 5 × 5 ಮ್ಯಾಟ್ರಿಕ್ಸ್, 25 ಸ್ವಾತಂತ್ರ್ಯ. 126 − 25 = 101. ಇಡೀ ಸಮೀಕರಣವನ್ನು ಒಂದು ಸಂಖ್ಯೆಯಿಂದ ಗುಣಿಸುವುದಕ್ಕೆ ಇನ್ನೊಂದನ್ನು ಕಳೆದು 100 ಎಂದು ಬರೆಯುವವರಿದ್ದಾರೆ. ಅದು ಆ 25ರಲ್ಲಿ ಆಗಲೇ ಸೇರಿದೆ, ಎರಡು ಸಲ ಕಳೆಯಬೇಡಿ. ಗಾತ್ರ 1 ಮಾತ್ರ, ಹೊರಗಿನ ಸ್ಪೇಸ್‌ನಿಂದ ಬಂದದ್ದು. ಆಯ್ಲರ್ ಸಂಖ್ಯೆ 2 × (1 − 101) = −200.

ಜೋಡಿಯನ್ನು ಕಟ್ಟುವ ವಿಧಾನ ಕೊಟ್ಟವರು ಬ್ರಯಾನ್ ಗ್ರೀನ್ ಮತ್ತು ರೋನೆನ್ ಪ್ಲೆಸರ್, 1990ರಲ್ಲಿ. ಐದು ಚರಾಕ್ಷರಗಳ ಐದನೇ ಘಾತಗಳ ಮೊತ್ತ, ಅದರಿಂದ 5ಸ × (ಐದರ ಗುಣಲಬ್ಧ) ಕಳೆದದ್ದು = 0, ಎಂಬ ಸಮೀಕರಣ ತೆಗೆದುಕೊಳ್ಳಿ. ಇಲ್ಲಿ ಸ ಒಂದೇ ಬದಲಿಸಬಹುದಾದ ಸಂಖ್ಯೆ. ಪ್ರತಿ ಚರಾಕ್ಷರವನ್ನೂ 1ರ ಒಂದೊಂದು ಐದನೇ ಮೂಲದಿಂದ ಗುಣಿಸಿ. ಆ ಐದು ಮೂಲಗಳ ಗುಣಲಬ್ಧ 1 ಇರಬೇಕು, ಇಲ್ಲದಿದ್ದರೆ ಕಡೆಯ ಪದ ಕೆಡುತ್ತದೆ. ಇಂಥ ಗುಣಕಗಳ ಗುಂಪುಗಳು 625. ಎಲ್ಲವನ್ನೂ ಒಂದೇ ಮೂಲದಿಂದ ಗುಣಿಸಿದರೆ ಪ್ರೊಜೆಕ್ಟಿವ್ ಸ್ಪೇಸ್‌ನಲ್ಲಿ ಏನೂ ಆಗುವುದಿಲ್ಲ, ಆದ್ದರಿಂದ 625 ÷ 5 = 125. ಈ 125ರ ಕೆಳಗೆ ಒಂದಾಗುವ ಬಿಂದುಗಳನ್ನು ಒಂದೇ ಎಂದು ಎಣಿಸಿ. 126 ಪದಗಳಲ್ಲಿ ಉಳಿದುಕೊಳ್ಳುವುದು ಆರು; ಐದು ಚರಾಕ್ಷರಗಳನ್ನು ಬೇರೆ ಬೇರೆ ಹಿಗ್ಗಿಸುವ ಸ್ವಾತಂತ್ರ್ಯ ಕಳೆದರೆ 6 − 5 = 1. ಆಕಾರ 1 ಸಿಕ್ಕಿತು.

ಇಲ್ಲಿಗೇ ನಿಲ್ಲಿಸಿದರೆ ಗಾತ್ರದ ಲೆಕ್ಕ ತಪ್ಪುತ್ತದೆ. ಹೀಗೆ ಮಡಚಿದಾಗ ಜ್ಯಾಮಿತಿ ಕೆಲವೆಡೆ ಚೂಪಾಗಿ ಕೆಡುತ್ತದೆ: ಎರಡು ಚರಾಕ್ಷರ ಸೊನ್ನೆಯಾಗುವ 10 ವಕ್ರಗಳ ಉದ್ದಕ್ಕೂ, ಮೂರು ಸೊನ್ನೆಯಾಗುವ 10 ಬಿಂದುಗಳಲ್ಲೂ. ಕಲಾಬಿ–ಯೌ ಗುಣ ಕೆಡದಂತೆ ಇವನ್ನು ಸರಿಪಡಿಸುವಾಗ ಪ್ರತಿ ವಕ್ರ 4 ಹೊಸ ಗಾತ್ರಗಳನ್ನೂ ಪ್ರತಿ ಬಿಂದು 6 ಹೊಸ ಗಾತ್ರಗಳನ್ನೂ ಕೊಡುತ್ತದೆ. 40 + 60 = 100. ಮೊದಲಿನ 1 ಸೇರಿದರೆ 101. ಆಯ್ಲರ್ ಸಂಖ್ಯೆ +200. ಸರಿಪಡಿಸುವ ದಾರಿ ಒಂದೇ ಅಲ್ಲ, ಹಲವಿವೆ. ಸಿಗುವ ಜ್ಯಾಮಿತಿಗಳೂ ಬೇರೆ ಬೇರೆ. ಈ ಎಣಿಕೆ ಮಾತ್ರ ಯಾವ ದಾರಿ ಹಿಡಿದರೂ ಬದಲಾಗದು.

ಪ್ರಶ್ನೆ: ಕ್ವಿಂಟಿಕ್ ಮೇಲೆ 2875 ಗೆರೆಗಳಿವೆ ಎಂಬುದು ಕನ್ನಡಿಯಿಂದ ಹೊರಬರುತ್ತದಂತೆ. ನಿವೃತ್ತ ಗಣಿತ ಶಿಕ್ಷಕ ನಾನು. ಪೆನ್ಸಿಲ್ ಕಾಗದದಲ್ಲಿ ಪರೀಕ್ಷಿಸಬಹುದೇ? (ಉಡುಪಿ)

ಉತ್ತರ: ಧಾರಾಳವಾಗಿ, ಸರ್. ಒಂದು ಪುಟ ಸಾಕು. ಈ ವಿಷಯದಲ್ಲಿ ಎಷ್ಟು ವಿವರಣೆ ಓದಿದರೂ ಈ ಒಂದು ಪುಟದಷ್ಟು ನಂಬಿಕೆ ಹುಟ್ಟುವುದಿಲ್ಲ.

ಗೆರೆಗಳನ್ನು ಎಣಿಸುವುದು ಕ್ವಿಂಟಿಕ್‌ನ ಗಾತ್ರದ ಬದಿಯ ಪ್ರಶ್ನೆ, ಕಷ್ಟದ್ದು. ಅದೇ ಪ್ರಶ್ನೆ ಕನ್ನಡಿ ಜೋಡಿಯಲ್ಲಿ ಆಕಾರದ ಬದಿಗೆ ಬರುತ್ತದೆ. ಅಲ್ಲಿ ಬೇಕಾಗುವುದು ಒಂದು ಅವಕಲ ಸಮೀಕರಣದ ಘಾತ ಶ್ರೇಣಿಗಳು ಮಾತ್ರ. ಹಿಂದಿನ ಉತ್ತರದ ಸ ಬಳಸಿ ಯ = 1/(5ಸ)⁵ ಎಂದಿಟ್ಟುಕೊಳ್ಳಿ.

ಮೊದಲ ಶ್ರೇಣಿ ಅ. ಅದರ ನ-ನೇ ಸಹಗುಣಕ (5ನ)! ಅನ್ನು (ನ!)⁵ರಿಂದ ಭಾಗಿಸಿದ್ದು. ಆದ್ದರಿಂದ ಅ = 1 + 120ಯ + 113400ಯ² + …

ಅದೇ ಅವಕಲ ಸಮೀಕರಣದ ಎರಡನೇ ಪರಿಹಾರದಲ್ಲಿ ಲಾಗರಿದಮ್ ಇರುತ್ತದೆ: ಅ × ಲಾಗ್ ಯ + 770ಯ + 810225ಯ² + … ಈ 770 ಬಂದದ್ದು 5 × 120 × (1/2 + 1/3 + 1/4 + 1/5) ಇಂದ, ಆವರಣದೊಳಗಿನದು 77/60. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, ಬಂದದ್ದನ್ನು e ಯ ಘಾತವಾಗಿಟ್ಟರೆ ಹೊಸ ಚರಾಕ್ಷರ ಕ ಸಿಗುತ್ತದೆ: ಕ = ಯ + 770ಯ² + 1014275ಯ³ + … ಇದನ್ನು ತಿರುಗಿಸಿ ಬರೆದರೆ ಯ = ಕ − 770ಕ² + 171525ಕ³ − … ಈ ಹೆಜ್ಜೆಗೆ ಮಿರರ್ ಮ್ಯಾಪ್ ಎನ್ನುತ್ತಾರೆ. ಒಂದು ಬದಿಯ ಆಕಾರದ ಅಳತೆಯನ್ನು ಇನ್ನೊಂದು ಬದಿಯ ಗಾತ್ರದ ಅಳತೆಗೆ ಹೊಂದಿಸುವುದು ಇದರ ಕೆಲಸ.

ಕಡೆಗೆ ಯುಕಾವಾ ಕಪ್ಲಿಂಗ್ ಎಂಬ ರಾಶಿ. ಅದು ಮೂರು ತುಂಡುಗಳ ಗುಣಲಬ್ಧ: 5 ÷ (1 − 3125ಯ), 1 ÷ ಅ², ಮತ್ತು [(ಕ/ಯ) × ಯ ದ ಕ ಕುರಿತ ಅವಕಲನ] ಇದರ ಘನ. ಮುಂದಿರುವ 5 ಎಂದರೆ ಮೂರು ಹೈಪರ್‌ಪ್ಲೇನ್‌ಗಳು (ಒಂದೊಂದು ರೇಖೀಯ ಸಮೀಕರಣ ಕೊಡುವ ಸಮತಲಗಳು) ಕ್ವಿಂಟಿಕ್ ಮೇಲೆ ಕೂಡುವ ಬಿಂದುಗಳ ಸಂಖ್ಯೆ. 3125 ಎಂದರೆ 5⁵; ಸ = 1 ಆದಾಗ ಕನ್ನಡಿ ಜೋಡಿ ಒಂದು ಬಿಂದುವಿನಲ್ಲಿ ಚಿವುಟಿಹೋಗುತ್ತದೆ, ಅದರ ಗುರುತು ಅದು.

ಈ ಗುಣಲಬ್ಧದಲ್ಲಿ ಕ ದ ಸಹಗುಣಕವೇ ಗೆರೆಗಳ ಸಂಖ್ಯೆ. ಆದ್ದರಿಂದ ಕ ದ ಮೊದಲ ಘಾತದವರೆಗೆ ಮಾತ್ರ ಬಿಡಿಸಿ. ಮೊದಲ ತುಂಡಿನಿಂದ +3125. ಎರಡನೆಯದರಿಂದ −240, ಏಕೆಂದರೆ ಅ² = 1 + 240ಯ + … ಮೂರನೆಯ ತುಂಡು (1 − 770ಕ)³, ಅಂದರೆ −2310. ಕೂಡಿಸಿ: 3125 − 240 − 2310 = 575. ಮುಂದಿನ 5ರಿಂದ ಗುಣಿಸಿ: 2875.

ಯಾವುದನ್ನು ಮರೆತಿರಿ ಎಂಬುದನ್ನು ತಪ್ಪು ಉತ್ತರವೇ ಹೇಳುತ್ತದೆ. 4075 ಬಂದರೆ ಅ² ಬಿಟ್ಟುಹೋಗಿದೆ. 14425 ಬಂದರೆ ಯ ಇಂದ ಕ ಗೆ ಬದಲಿಸಿಲ್ಲ. ಋಣ ಸಂಖ್ಯೆ ಬಂದರೆ ಯ ದ ಚಿಹ್ನೆಯನ್ನು ನೋಡಿ; ಕೆಲವು ಗ್ರಂಥಗಳು ಅದನ್ನು ತಿರುಗಿಸಿ ಬರೆಯುತ್ತವೆ.

ಉತ್ಸಾಹವಿದ್ದರೆ ಎರಡನೇ ಘಾತಕ್ಕೂ ಹೋಗಿ. ಮೇಲೆ ಕೊಟ್ಟ ಪದಗಳಷ್ಟೇ ಸಾಕು; ಆವರಣದೊಳಗೆ 975375 ಬರುತ್ತದೆ, ಐದರಿಂದ ಗುಣಿಸಿದರೆ 4876875. ಇಲ್ಲೊಂದು ಹಳ್ಳ ಇದೆ. ಎರಡನೇ ಡಿಗ್ರಿಯ ವಕ್ರಗಳ ಸಂಖ್ಯೆಗೆ 2³ = 8ರ ತೂಕ ಇರುವುದರಿಂದ ನೇರ ಭಾಗಿಸಲು ಮನಸ್ಸಾಗುತ್ತದೆ. 4876875 ÷ 8 = 609609.375. ವಕ್ರಗಳು ದಶಮಾಂಶದಲ್ಲಿ ಇರುವುದುಂಟೇ? ಪ್ರತಿ ಗೆರೆಯ ಮೇಲೂ ಸ್ಟ್ರಿಂಗ್ ಎರಡು ಸಲ ಹಾಸಿಕೊಳ್ಳಬಹುದು, ಅದೂ ಈ ಮೊತ್ತದಲ್ಲಿ ಸೇರಿರುತ್ತದೆ. ಮೊದಲು 2875 ಕಳೆಯಿರಿ: 4874000. ಈಗ 8ರಿಂದ ಭಾಗಿಸಿ: 609250. ಮೂರನೇ ಘಾತದ ಸಹಗುಣಕ 8564575000. ಅದರಿಂದ 2875 ಕಳೆದು 27ರಿಂದ ಭಾಗಿಸಿದರೆ 317206375.

ಪ್ರಶ್ನೆ: ಆದರೆ ಐದು ಐದನೇ ಘಾತಗಳ ಮೊತ್ತ = 0 ಎಂಬ ಸರಳ ಕ್ವಿಂಟಿಕ್ ಮೇಲೆ ನನಗೆ ಅನಂತ ಗೆರೆಗಳು ಸಿಕ್ಕವು. 2875 ಸುಳ್ಳೇ? (ಕಲಬುರಗಿ)

ಉತ್ತರ: ನಿಮ್ಮ ಲೆಕ್ಕವೂ ಸರಿ. ಎರಡನೇ ಚರಾಕ್ಷರವನ್ನು ಮೊದಲನೆಯದರ ಋಣವಾಗಿಟ್ಟರೆ ಅವೆರಡೂ ಹೊಡೆದುಹೋಗಿ ಮೂರು ಉಳಿಯುತ್ತವೆ. ಉಳಿದ ಮೂರರ ಸಮೀಕರಣದ ಪ್ರತಿ ಪರಿಹಾರಕ್ಕೂ ಒಂದು ಗೆರೆ. ಇಂಥ ಜೋಡಿಗಳು 10, ಐದನೇ ಮೂಲಗಳು 5, ಒಟ್ಟು 50 ಅನಂತ ಕುಟುಂಬಗಳು. ಕಾರಣ, ಈ ಸಮೀಕರಣ ಅತಿಯಾಗಿ ಸಮ್ಮಿತಿಯುಳ್ಳದ್ದು. 2875 ಹೇಳುವುದು ಸಹಗುಣಕಗಳನ್ನು ಹೇಗೆಂದರೆ ಹಾಗೆ ಆರಿಸಿದ ಸಾಮಾನ್ಯ ಕ್ವಿಂಟಿಕ್‌ನ ವಿಷಯ. ಅಲ್ಲಿ ಗೆರೆಯನ್ನು ಗುರುತಿಸಲು 6 ಸಂಖ್ಯೆ ಬೇಕು, ಐದನೇ ಡಿಗ್ರಿಯ ಸಮೀಕರಣ ಗೆರೆಯುದ್ದಕ್ಕೂ ಸೊನ್ನೆಯಾಗಲು 6 ಷರತ್ತು ಬೇಕು. ಹಾಗಾಗಿ ಎಣಿಸಬಹುದಾದಷ್ಟೇ ಉಳಿಯುತ್ತವೆ. ನಿಮ್ಮ ಸಮೀಕರಣವನ್ನು ತುಸು ಅಲುಗಿಸಿದರೆ ಪ್ರತಿ ಕುಟುಂಬದಿಂದ 20 ಗೆರೆ ಉಳಿಯುತ್ತವೆ. ಎರಡು ಕುಟುಂಬಗಳಿಗೂ ಸೇರಿದ 375 ವಿಶೇಷ ಗೆರೆಗಳು ಒಂದೊಂದೂ 5ರ ಲೆಕ್ಕದಲ್ಲಿ ಬರುತ್ತವೆ. 50 × 20 + 375 × 5 = 2875.

ಪ್ರಶ್ನೆ: ಈ ಎಣಿಕೆಯ ವಿಷಯದಲ್ಲಿ ಗಣಿತಜ್ಞರಿಗೂ ಭೌತವಿಜ್ಞಾನಿಗಳಿಗೂ ಜಟಾಪಟಿ ಆಗಿತ್ತಂತೆ, ಹೌದೇ? (ಬೆಂಗಳೂರು)

ಉತ್ತರ: ಜಟಾಪಟಿ ಎನ್ನುವಷ್ಟಿಲ್ಲ, ತಾಳೆಯಾಗಲಿಲ್ಲ ಅಷ್ಟೇ. 2875 ಹತ್ತೊಂಬತ್ತನೇ ಶತಮಾನದ ಸಂಖ್ಯೆ. 609250 ಎಂಬುದನ್ನು ಶೆಲ್ಡನ್ ಕಾಟ್ಜ್ 1986ರಲ್ಲಿ ಕಂಡುಹಿಡಿದಿದ್ದರು. ಮೂರನೇ ಡಿಗ್ರಿಗೆ ಕ್ಯಾಂಡೆಲಾಸ್, ಡೆ ಲಾ ಒಸ್ಸಾ, ಗ್ರೀನ್, ಪಾರ್ಕ್ಸ್ ನಾಲ್ವರು 1991ರಲ್ಲಿ ಮೇಲಿನ ದಾರಿಯಿಂದ 317206375 ಎಂದರು. (ಈ ಗ್ರೀನ್ ಬೇರೆ, ಪ್ಲೆಸರ್ ಜೊತೆಗಿದ್ದವರಲ್ಲ.) ನಾರ್ವೆಯ ಎಲ್ಲಿಂಗ್ಸ್ರುಡ್ ಮತ್ತು ಸ್ಟ್ರೋಮೆ ಶುದ್ಧ ಬೀಜಗಣಿತ ಜ್ಯಾಮಿತಿಯಿಂದ ಹಾಕಿದ ಲೆಕ್ಕದಲ್ಲಿ 2682549425 ಬಂದಿತ್ತು. ಅವರ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ದೋಷ ಸಿಕ್ಕಿತು. ತಿದ್ದಿದ ಮೇಲೆ ಅದೇ 317206375. ಕನ್ನಡಿಯ ಸೂತ್ರಕ್ಕೆ ಪೂರ್ತಿ ಗಣಿತದ ಪುರಾವೆ ಬರಲು ಇನ್ನೂ ಐದಾರು ವರ್ಷ ಹಿಡಿಯಿತು: 1996ರಲ್ಲಿ ಗಿವೆಂಟಾಲ್, 1997ರಲ್ಲಿ ಲಿಯಾನ್, ಲಿಯು ಮತ್ತು ಯೌ. ಅವರ ಪುರಾವೆ ಸೂತ್ರ ಸರಿ ಎನ್ನುತ್ತದೆ. ಎರಡು ಜ್ಯಾಮಿತಿಗಳು ಏಕೆ ಜೋಡಿಯಾಗಬೇಕು ಎಂದು ಹೇಳುವುದಿಲ್ಲ. ಆ ಕೊರತೆ ಮುಂದಿನ ಪತ್ರಕ್ಕೆ ಸೇರಿದ್ದು.

ಪ್ರಶ್ನೆ: ವೃತ್ತವನ್ನು ತಿರುವುವ ಲೆಕ್ಕ ಆರು ಆಯಾಮದಲ್ಲೂ ನಡೆಯುತ್ತದೆಯೇ? ಎಲ್ಲ ಕಲಾಬಿ–ಯೌಗಳಿಗೂ ಜೋಡಿ ಇದೆಯೇ? (ಹುಬ್ಬಳ್ಳಿ)

ಉತ್ತರ: ನಡೆಯಬೇಕು ಎಂದು ಸ್ಟ್ರೋಮಿಂಜರ್, ಯೌ, ಝಾಸ್ಲೋ 1996ರಲ್ಲಿ ಹೇಳಿದರು. ಅವರ ತರ್ಕ ಚಿಕ್ಕದು, ಸೊಗಸಾದದ್ದು. ಕನ್ನಡಿ ಜೋಡಿಯ ಒಂದೊಂದು ಬಿಂದುವೂ ಅಲ್ಲಿ ಕೂತ ಒಂದು ಡಿ-ಬ್ರೇನ್‌ನ (ಸ್ಟ್ರಿಂಗಿನ ತುದಿಗಳು ಅಂಟಿಕೊಳ್ಳುವ ವಸ್ತುವಿನ) ಜಾಗ. ಈ ಬದಿಯಲ್ಲಿ ಅದು ಮೂರು ಆಯಾಮದ ಟೋರಸ್ ಒಂದರ ಮೇಲೆ ಹಾಸಿಕೊಂಡ ಬ್ರೇನ್ ಆಗಿ ಕಾಣಬೇಕು. ಅಂಥ ಟೋರಸ್ ಮೂರು ದಿಕ್ಕಿಗೆ ಸರಿಯಬಲ್ಲದು. ಅದರ ಮೇಲಿನ ಗೇಜ್ ಕ್ಷೇತ್ರಕ್ಕೆ (ವಿದ್ಯುತ್ಕಾಂತ ಕ್ಷೇತ್ರದಂಥದ್ದು) ಇನ್ನೂ ಮೂರು ಕೋನಗಳಿವೆ. 3 + 3 = 6, ಜೋಡಿಯ ಆಯಾಮಕ್ಕೆ ಸರಿಹೊಂದಿತು. ಆದ್ದರಿಂದ ಇಡೀ ಕಲಾಬಿ–ಯೌ ಇಂಥ ಟೋರಸ್‌ಗಳಿಂದ ತುಂಬಿರಬೇಕು, ಆ ಮೂರೂ ದಿಕ್ಕುಗಳನ್ನು ತಿರುವಿದರೆ ಕನ್ನಡಿ ಸಿಗಬೇಕು. ತಿರುವಿದ ದಿಕ್ಕುಗಳು ಬೆಸವಾದ್ದರಿಂದಲೇ 2ಎ ಹೋಗಿ 2ಬಿ ಆಗುವುದು.

ತೊಂದರೆ ಎಲ್ಲಿ? ಕೆಲವು ಟೋರಸ್‌ಗಳು ಚಿವುಟಿ ಕೆಟ್ಟಿರುತ್ತವೆ. ಎಲ್ಲವೂ ನಯವಾಗಿದ್ದರೆ ಆಯ್ಲರ್ ಸಂಖ್ಯೆ ಸೊನ್ನೆಯಾಗುತ್ತಿತ್ತು, −200 ಬರುತ್ತಲೇ ಇರಲಿಲ್ಲ. ಕೆಟ್ಟ ಟೋರಸ್‌ಗಳ ಸುತ್ತ ಸರಳ ತಿರುವು ಸಾಲದು, ತಿದ್ದುಪಡಿಗಳು ಬೇಕು. ಆ ಜಾಗಗಳು, ಟೋರಸ್‌ಗಳು ಸರಿಯುವ ಮೂರು ಆಯಾಮದ ತಳದಲ್ಲಿ, ತೆಳ್ಳನೆಯ ಗೆರೆಗಳ ಜಾಲವಾಗಿರುತ್ತವೆ ಎಂದು ಮೊದಲು ಭಾವಿಸಿದ್ದರು; ಸಾಮಾನ್ಯವಾಗಿ ಅವು ಅಗಲವಾಗಿಯೇ ಇರುತ್ತವೆ ಎಂದು ಡೊಮಿನಿಕ್ ಜಾಯ್ಸ್ ವಾದಿಸಿದರು. ಗ್ರಾಸ್ ಮತ್ತು ಝೀಬರ್ಟ್ ಜ್ಯಾಮಿತಿಯನ್ನು ತುದಿಗೆ ತಳ್ಳಿ, ಅದು ಬಹುಭುಜಾಕೃತಿಗಳ ಜೋಡಣೆಯಾಗುವ ಮಿತಿಯಲ್ಲಿ ಕೆಲಸ ಮಾಡಿ ಈ ತೊಡಕನ್ನು ತಪ್ಪಿಸಿ ಸುತ್ತುದಾರಿಯಲ್ಲಿ ಹೋದರು. 1994ರಲ್ಲಿ ಕೊಂಟ್ಸೆವಿಚ್ ಹಾಕಿದ ಇನ್ನೊಂದು ದಾರಿ ಪೂರ್ತಿ ಬೀಜಗಣಿತದ್ದು. ಅದಕ್ಕೆ ಪ್ರತ್ಯೇಕ ಅಂಕಣವೇ ಬೇಕು.

ಎಲ್ಲಕ್ಕೂ ಜೋಡಿ ಇದೆಯೇ ಎಂದರೆ, ಮಾತಿನ ನೇರ ಅರ್ಥದಲ್ಲಿ ಇಲ್ಲ. ಮೂರು ಟೋರಸ್‌ಗಳ ಗುಣಲಬ್ಧವನ್ನು 3ರ ಸಮ್ಮಿತಿಯಿಂದ ಮಡಚಿ ಸರಿಪಡಿಸಿದರೆ ಗಾತ್ರ 36, ಆಕಾರ 0. ಅದರ ಜೋಡಿಗೆ ಗಾತ್ರ 0 ಇರಬೇಕಾಗುತ್ತದೆ. ಗಾತ್ರವೇ ಇಲ್ಲದ ಕಲಾಬಿ–ಯೌ ಇರಲಾರದು. ಬಟೀರೆವ್ ತೋರಿಸಿದ ರಿಫ್ಲೆಕ್ಸಿವ್ ಬಹುಮುಖಿಗಳ (ಒಂದೊಂದಕ್ಕೂ ಅದೇ ಬಗೆಯ ಪ್ರತಿರೂಪವಿರುವ, ಕಲಾಬಿ–ಯೌ ಕಟ್ಟಲು ಬಳಸುವ ಆಕೃತಿಗಳ) ಲೋಕದಲ್ಲಿ ಮಾತ್ರ ಎಲ್ಲವೂ ಜೋಡಿಯಾಗೇ ಬರುತ್ತದೆ. ನಾಲ್ಕು ಆಯಾಮದಲ್ಲಿ ಅಂಥವು 473800776 ಇವೆ. ಕ್ರೊಯ್ಟ್ಸರ್ ಮತ್ತು ಸ್ಕಾರ್ಕೆ ಕಂಪ್ಯೂಟರಿನಿಂದ ಪಟ್ಟಿ ಮಾಡಿದ್ದಾರೆ. ಅವುಗಳಿಂದ ಸಿಗುವ ಬೇರೆ ಬೇರೆ ಹಾಡ್ಜ್ ಜೋಡಿಗಳು 30108.

ಪ್ರಶ್ನೆ: ನಮ್ಮ ಜಗತ್ತು ಕ್ವಿಂಟಿಕ್ ಮೇಲೆ ನಿಂತಿದೆಯೇ? (ಹಾಸನ)

ಉತ್ತರ: ಇಲ್ಲ. 1985ರ ಸರಳ ಮಾದರಿಯಲ್ಲಿ ಮೂಲಕಣಗಳ ಪೀಳಿಗೆಗಳ ಸಂಖ್ಯೆ, ಚಿಹ್ನೆ ಬಿಟ್ಟರೆ, ಆಯ್ಲರ್ ಸಂಖ್ಯೆಯ ಅರ್ಧ. ಕ್ವಿಂಟಿಕ್‌ನಿಂದ 100 ಪೀಳಿಗೆ ಬರುತ್ತದೆ. ನಾವು ಕಂಡಿರುವುದು 3.

ಪ್ರಶ್ನೆ: ಇದನ್ನು ಕಲಿಯಲು ಏನು ಓದಬೇಕು? ಲೆಕ್ಕ ಮುಂದುವರಿಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು? (ಬಿಎಸ್ಸಿ ವಿದ್ಯಾರ್ಥಿ, ತುಮಕೂರು)

ಉತ್ತರ: ಲೀನಿಯರ್ ಆಲ್ಜೀಬ್ರಾ ಮತ್ತು ಸಂಕೀರ್ಣ ವಿಶ್ಲೇಷಣೆ ಗಟ್ಟಿಯಾಗಲಿ, ಆಮೇಲೆ ಡಿಫರೆನ್ಷಿಯಲ್ ಫಾರ್ಮ್‌ಗಳು, ಹೋಮಾಲಜಿ, ನಂತರ ಬೀಜಗಣಿತ ಜ್ಯಾಮಿತಿ. ಸ್ಟ್ರಿಂಗ್ ಥಿಯರಿಯಿಂದಲೇ ಶುರು ಮಾಡುವ ಆತುರ ಬೇಡ. ಬೆಂಗಳೂರಿನ ಸೈದ್ಧಾಂತಿಕ ವಿಜ್ಞಾನಗಳ ಸಂಶೋಧನಾ ಕೇಂದ್ರ ಐಸಿಟಿಎಸ್ ತನ್ನ ಉಪನ್ಯಾಸಗಳನ್ನು ಯೂಟ್ಯೂಬಿನಲ್ಲಿ ಹಾಕುತ್ತದೆ, ನೋಡಲು ದುಡ್ಡಿಲ್ಲ. 2015ರ ಅಂತರರಾಷ್ಟ್ರೀಯ ಸ್ಟ್ರಿಂಗ್ಸ್ ಸಮ್ಮೇಳನ ನಡೆದದ್ದೂ ಬೆಂಗಳೂರಿನಲ್ಲೇ.

ಸಾಫ್ಟ್‌ವೇರ್ ಎಂದರೆ ಪಾರಿ-ಜಿಪಿ ಅಥವಾ ಸೇಜ್, ಎರಡೂ ಉಚಿತ. ದಶಮಾಂಶದಲ್ಲಿ ಲೆಕ್ಕ ಹಾಕಬೇಡಿ. ಭಿನ್ನರಾಶಿಗಳನ್ನು ಹಾಗೇ ಇಟ್ಟುಕೊಂಡು ಶ್ರೇಣಿ ಬಿಡಿಸಿ. ದಶಮಾಂಶಕ್ಕೆ ಹೋದರೆ ಡಿಗ್ರಿ ಏರಿದಂತೆ ಕಡೆಯ ಅಂಕಿಗಳು ಕೆಡುತ್ತವೆ, ಉತ್ತರ ಪೂರ್ಣಾಂಕವಾಯಿತೇ ಎಂದು ನೋಡುವ ಅನುಕೂಲವೇ ಹೋಗುತ್ತದೆ. ಶ್ರೇಣಿಯನ್ನು ನಿಮಗೆ ಬೇಕಾದ ಡಿಗ್ರಿಗಿಂತ ಒಂದು ಪದ ಹೆಚ್ಚೇ ಇಟ್ಟುಕೊಳ್ಳಿ, ಅವಕಲನದಲ್ಲಿ ಒಂದು ಪದ ಸವೆಯುತ್ತದೆ. ನಾಲ್ಕನೇ ಘಾತದ ಸಹಗುಣಕ 15517926796875 ಬರಬೇಕು. ಅದರಿಂದ ಗೆರೆಗಳ 2875 ಮಾತ್ರವಲ್ಲ, ಎರಡನೇ ಡಿಗ್ರಿಯ 8 × 609250 ಕೂಡ ಕಳೆಯಬೇಕು, ಏಕೆಂದರೆ 4ನ್ನು 2 ಭಾಗಿಸುತ್ತದೆ. ಆಮೇಲೆ 64ರಿಂದ ಭಾಗಿಸಿ. 242467530000 ಬಂದರೆ ನಿಮ್ಮ ಪ್ರೋಗ್ರಾಂ ಸರಿಯಿದೆ.